ಪ್ಯಾಸೆಂಜರ್ ಪಾರಿವಾಳದ ಸ್ಮಾರಕ

ವೈಯಲೂಸಿಂಗ್ ಸ್ಟೇಟ್ ಪಾರ್ಕ್, ವಿಸ್ಕಾನ್ಸಿನ್, ಅಮೆರಿಕ. 1947. ಕಲ್ಲು, ಕಂಚು.

ಅಳಿದುಹೋದ ಹಕ್ಕಿಯೊಂದಕ್ಕಾಗಿ ಜನ ಒಟ್ಟಾಗಿ ಶೋಕಿಸಿದ ಜಾಗವಿದು. ವಿಸ್ಕಾನ್ಸಿನ್ ಪಕ್ಷಿಶಾಸ್ತ್ರ ಸಂಘ ಇದನ್ನು ನಿಲ್ಲಿಸಿತು. ಪರಿಸರ ಚಿಂತಕ ಆಲ್ಡೊ ಲಿಯೊಪೋಲ್ಡ್ ಇದಕ್ಕೆಂದೇ ಪ್ರಬಂಧ ಬರೆದರು.

ಈ ಪಾರಿವಾಳಗಳ ಹಿಂಡು ಹಾರಿದರೆ ಗಂಟೆಗಟ್ಟಲೆ ಬಿಸಿಲು ಮರೆಯಾಗುತ್ತಿತ್ತು. ಮಾಂಸಕ್ಕಾಗಿ ಬಲೆ, ಬಂದೂಕು. ಗೂಡುಗಳ ಠಾವು ತಿಳಿಸಲು ಟೆಲಿಗ್ರಾಂ. ಕೊಂದದ್ದನ್ನು ಪೇಟೆಗೆ ಸಾಗಿಸಲು ರೈಲು. ಕೆಲವೇ ದಶಕಗಳಲ್ಲಿ ಸಂತತಿ ಮುಗಿಯಿತು. ಕೊನೆಯ ಹಕ್ಕಿ ಮಾರ್ಥಾ ಸಿನ್ಸಿನಾಟಿ ಮೃಗಾಲಯದಲ್ಲಿ 1914ರ ಸೆಪ್ಟೆಂಬರ್ 1ರಂದು ಸತ್ತಿತು.

ಕಂಚಿನ ಫಲಕದ ಬರಹ ಗಮನಿಸಿ. ವಿಸ್ಕಾನ್ಸಿನ್‌ನ ಕೊನೆಯ ಪಾರಿವಾಳ 1899ರಲ್ಲಿ ಬಾಬ್‌ಕಾಕ್‌ನಲ್ಲಿ ಗುಂಡಿಗೆ ಬಲಿಯಾಯಿತು ಎಂದಿದೆ. ಅಳಿವಿಗೆ ಕಾರಣ ಮನುಷ್ಯನ ದುರಾಸೆ, ವಿವೇಚನೆಗೇಡಿತನ ಎಂದೂ ಮುಚ್ಚುಮರೆಯಿಲ್ಲದೆ ಹೇಳಿದೆ. ಸ್ಮಾರಕಗಳಲ್ಲಿ ಇಂಥ ತಪ್ಪೊಪ್ಪಿಗೆ ಅಪರೂಪ. ನಿಂತು, ನಿಧಾನವಾಗಿ ಓದಿ.