ವಿದೇಶದಲ್ಲಿ ಬ್ಯಾಂಕ್ ಖಾತೆ: ಹೊರಡುವ ಮುನ್ನ ಊರಿನಲ್ಲೇ ಮುಗಿಸಬೇಕಾದ ಕೆಲಸಗಳು

ಮುಳಬಾಗಿಲು: ಓದು ಅಥವಾ ಉದ್ಯೋಗಕ್ಕಾಗಿ ವಿದೇಶಕ್ಕೆ ಹೊರಡುವವರಿಗೆ ವೀಸಾ, ಟಿಕೆಟ್‌ಗಳ ಗಡಿಬಿಡಿಯಲ್ಲಿ ಕೊನೆಗೆ ನೆನಪಾಗುವುದು ಬ್ಯಾಂಕ್ ಖಾತೆ. ಆದರೆ ಕೆಲವು ದೇಶಗಳಲ್ಲಿ ಖಾತೆಯಿಲ್ಲದೆ ವೀಸಾವೇ ಸಿಗುವುದು ಕಷ್ಟ. ಮತ್ತೆ ಕೆಲವೆಡೆ ಖಾತೆಯಿಲ್ಲದೆ ಮೊದಲ ತಿಂಗಳ ಸಂಬಳ ಕೈಸೇರುವುದಿಲ್ಲ. ಅಲ್ಲಿ ಎದುರಾಗುವ ತೊಡಕುಗಳ ಮೂಲ ಬಹುಮಟ್ಟಿಗೆ ಇಲ್ಲಿನ ಕಾಗದಪತ್ರಗಳಲ್ಲಿಯೇ ಇರುತ್ತದೆ ಎಂಬುದು ಗಮನಾರ್ಹ.

ಕಾನೂನಿನ ಅಡ್ಡಿಯಿಲ್ಲ

ಭಾರತೀಯರು ವಿದೇಶದಲ್ಲಿ ಖಾತೆ ಹೊಂದುವುದು ಅಪರಾಧವೆಂಬ ಭಾವನೆ ಹಲವರಲ್ಲಿದೆ. ಇದು ಸರಿಯಲ್ಲ. 2000ದ ಜೂನ್ 1ರಂದು ಜಾರಿಗೆ ಬಂದ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ (ಫೆಮಾ) ಹಾಗೂ ರಿಸರ್ವ್ ಬ್ಯಾಂಕ್ 2004ರಲ್ಲಿ ಆರಂಭಿಸಿದ ಉದಾರೀಕೃತ ಹಣ ರವಾನೆ ಯೋಜನೆ ಇದಕ್ಕೆ ಅವಕಾಶ ನೀಡಿವೆ. ಆರಂಭದಲ್ಲಿ ವರ್ಷಕ್ಕೆ 25 ಸಾವಿರ ಡಾಲರ್ ಇದ್ದ ಮಿತಿ 2015ರಲ್ಲಿ 2.5 ಲಕ್ಷ ಡಾಲರ್‌ಗೆ ಏರಿತು. ಹಣ ಕಳುಹಿಸಲು ಪ್ಯಾನ್ ಕಡ್ಡಾಯ. ಒಂದು ಆರ್ಥಿಕ ವರ್ಷದಲ್ಲಿ ರವಾನೆ 10 ಲಕ್ಷ ರೂಪಾಯಿ ದಾಟಿದರೆ ಮೂಲದಲ್ಲೇ ತೆರಿಗೆ ಸಂಗ್ರಹದ ನಿಯಮ ಅನ್ವಯಿಸುತ್ತದೆ. ಮಾನ್ಯತೆ ಪಡೆದ ಹಣಕಾಸು ಸಂಸ್ಥೆಯ ಶಿಕ್ಷಣ ಸಾಲದಿಂದ ಶುಲ್ಕ ಕಟ್ಟುವವರಿಗೆ 2025ರ ಏಪ್ರಿಲ್ 1ರಿಂದ ಈ ಹೊರೆ ಇಲ್ಲ.

ದೇಶಕ್ಕೊಂದು ರೀತಿ

ಹೊರಡುವ ಮೊದಲೇ ಖಾತೆ ತೆರೆಯಬೇಕಾದ ಪ್ರಸಂಗಕ್ಕೆ ಜರ್ಮನಿ ಉತ್ತಮ ಉದಾಹರಣೆ. ಅಲ್ಲಿಗೆ ಓದಲು ಹೋಗುವವರು ಖರ್ಚಿಗೆ ಹಣವಿದೆಯೆಂದು ತೋರಿಸಲು ‘ಷ್ಪೆರ್‌ಕೊಂಟೊ’ ಎಂಬ ನಿರ್ಬಂಧಿತ ಖಾತೆಯನ್ನು ಬಳಸುವುದು ರೂಢಿ. 2024ರ ಸೆಪ್ಟೆಂಬರ್ 1ರಿಂದ ನಿಗದಿಯಾದ ಮೊತ್ತ ವರ್ಷಕ್ಕೆ 11,904 ಯೂರೊ. ವಿದ್ಯಾರ್ಥಿ ಜರ್ಮನಿ ತಲುಪಿದ ಮೇಲೆ ತಿಂಗಳಿಗೆ 992 ಯೂರೊ ಮಾತ್ರ ಕೈಗೆ ಸಿಗುತ್ತದೆ. ಊರಿನಿಂದಲೇ ಆನ್‌ಲೈನ್ ಮೂಲಕ ಈ ಖಾತೆ ತೆರೆಯಬಹುದು. ವೀಸಾ ನಿರಾಕರಣೆಯಾದಲ್ಲಿ ನಿರಾಕರಣೆ ಪತ್ರ ಸಲ್ಲಿಸಿ ಹಣ ಹಿಂಪಡೆಯಬಹುದು. ವಾಪಸಾತಿಗೆ ಸಮಯ ಹಿಡಿಯುವುದರಿಂದ, ಕೈಸಾಲ ಮಾಡಿ ಹಣ ಹೊಂದಿಸುವ ಕುಟುಂಬಗಳು ಬಡ್ಡಿಯ ಲೆಕ್ಕವನ್ನೂ ಹಾಕಿಕೊಳ್ಳುವುದು ಒಳಿತು.

ಕೆನಡಾದಲ್ಲಿಯೂ ಇಂಥದೇ ಠೇವಣಿ ಪದ್ಧತಿಯಿದೆ. 2025ರ ಸೆಪ್ಟೆಂಬರ್ 1ರಿಂದ ಒಬ್ಬ ವಿದ್ಯಾರ್ಥಿ ಬೋಧನಾ ಶುಲ್ಕ ಹಾಗೂ ಪ್ರಯಾಣ ವೆಚ್ಚವಲ್ಲದೆ ವರ್ಷದ ಜೀವನ ನಿರ್ವಹಣೆಗಾಗಿ 22,895 ಕೆನಡಿಯನ್ ಡಾಲರ್ ತೋರಿಸಬೇಕಾಗುತ್ತದೆ.

ಸಂಯುಕ್ತ ಅರಬ್ ಎಮಿರೇಟ್ಸ್‌ನ ರೀತಿ ಬೇರೆ. ವಾಸದ ವೀಸಾ ಇಲ್ಲದವರಿಗೆ ಅಲ್ಲಿ ಸಾಮಾನ್ಯವಾಗಿ ಉಳಿತಾಯ ಖಾತೆ ಮಾತ್ರ ದೊರೆಯುತ್ತದೆ. ಚೆಕ್ ಪುಸ್ತಕ ಸಿಗುವುದಿಲ್ಲ, ಕನಿಷ್ಠ ಶಿಲ್ಕಿನ ಷರತ್ತೂ ದೊಡ್ಡದು. ಉದ್ಯೋಗಕ್ಕೆ ಹೋದವರು ಎಮಿರೇಟ್ಸ್ ಗುರುತಿನ ಚೀಟಿ ಬಂದ ಬಳಿಕ ಸಾಮಾನ್ಯ ಖಾತೆ ತೆರೆಯಬಹುದು. 2009ರಲ್ಲಿ ಅಲ್ಲಿ ಆರಂಭವಾದ ವೇತನ ಸಂರಕ್ಷಣಾ ವ್ಯವಸ್ಥೆಯಡಿ ಸಂಬಳ ಬ್ಯಾಂಕ್ ಅಥವಾ ಅಧಿಕೃತ ಹಣಕಾಸು ಸಂಸ್ಥೆಯ ಮೂಲಕವೇ ಸಂದಾಯವಾಗುತ್ತದೆ.

ಹೆಸರು, ವಿಳಾಸದ ತೊಡಕು

ಕೋಲಾರ ಜಿಲ್ಲೆಯಲ್ಲಿ ಕುಲನಾಮ ಬಳಸದವರೇ ಹೆಚ್ಚು. ಊರಿನ ಹಾಗೂ ತಂದೆಯ ಹೆಸರಿನ ಮೊದಲಕ್ಷರಗಳೇ ಇನಿಷಿಯಲ್‌ಗಳಾಗುತ್ತವೆ. ಅಂಕಪಟ್ಟಿಯಲ್ಲಿ ಇನಿಷಿಯಲ್, ಪ್ಯಾನ್‌ನಲ್ಲಿ ಅದರ ವಿಸ್ತರಣೆ, ಪಾಸ್‌ಪೋರ್ಟ್‌ನಲ್ಲಿ ಕುಲನಾಮದ ಖಾನೆ ಖಾಲಿ - ಹೀಗೆ ಒಬ್ಬನೇ ವ್ಯಕ್ತಿ ವಿದೇಶಿ ಬ್ಯಾಂಕಿನ ಕಣ್ಣಿಗೆ ಮೂವರಾಗಿ ಕಾಣುತ್ತಾನೆ. ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರಿರುವವರ ಪ್ರವಾಸಿ ವೀಸಾ ಪ್ರವೇಶಕ್ಕೆ ಎಮಿರೇಟ್ಸ್ 2022ರ ನವೆಂಬರ್‌ನಲ್ಲಿ ನಿರ್ಬಂಧ ಹೇರಿದ್ದೂ ಉಂಟು. ಅಮೆರಿಕದ ವೀಸಾದಲ್ಲಿ ಅಂಥವರಿಗೆ ‘ಎಫ್‌ಎನ್‌ಯು’, ಅಂದರೆ ‘ಮೊದಲ ಹೆಸರು ತಿಳಿದಿಲ್ಲ’ ಎಂದು ನಮೂದಾಗುತ್ತದೆ. ಮುಂದೆ ಬ್ಯಾಂಕ್ ಕಾರ್ಡಿನ ಮೇಲೂ ಅದೇ ಅಚ್ಚಾಗುವ ಸಂಭವವಿದೆ. ಆದ್ದರಿಂದ ಪಾಸ್‌ಪೋರ್ಟ್ ಅರ್ಜಿಯ ಹಂತದಲ್ಲಿಯೇ ಹೆಸರನ್ನು ಎರಡು ಭಾಗವಾಗಿ ತುಂಬುವುದು, ಪ್ಯಾನ್ ಮತ್ತು ಆಧಾರ್ ಅನ್ನು ಅದಕ್ಕೆ ಸರಿಹೊಂದಿಸುವುದು ಸೂಕ್ತ.

ವಿಳಾಸದ್ದೂ ಇದೇ ಕಥೆ. ‘ಮುಳಬಾಗಿಲು’ ಎಂಬ ಊರಿನ ಹೆಸರನ್ನೇ ಇಂಗ್ಲಿಷಿನಲ್ಲಿ ‘ಮುಲ್‌ಬಾಗಲ್’ ಎಂದೂ ‘ಮುಳಬಾಗಿಲು’ ಎಂದೂ ಬರೆಯುವ ರೂಢಿಯಿದೆ. ಎಲ್ಲ ದಾಖಲೆಗಳಲ್ಲಿ ಒಂದೇ ಕಾಗುಣಿತ ಇರಬೇಕು. ಬೆಸ್ಕಾಂ ಬಿಲ್ ತಂದೆಯ ಅಥವಾ ತಾತನ ಹೆಸರಿನಲ್ಲಿದ್ದರೆ ಅರ್ಜಿದಾರರ ವಿಳಾಸಕ್ಕೆ ಅದು ಪುರಾವೆಯಾಗುವುದಿಲ್ಲ. ಅಂಥವರು ತಮ್ಮದೇ ಹೆಸರಿನ ಬ್ಯಾಂಕ್ ಖಾತೆಯ ಇಂಗ್ಲಿಷ್ ವಿವರಪಟ್ಟಿಯನ್ನು ಶಾಖೆಯ ಮೊಹರಿನೊಂದಿಗೆ ಪಡೆದಿಟ್ಟುಕೊಳ್ಳಬೇಕು.

ಊರಿನ ಖಾತೆ ಏನಾಗುತ್ತದೆ?

ಬಹುತೇಕರು ಮರೆಯುವ ಸಂಗತಿ ಇದು. ಉದ್ಯೋಗಕ್ಕೆಂದು ವಿದೇಶಕ್ಕೆ ಹೋದವರು ಫೆಮಾ ಪ್ರಕಾರ ಅನಿವಾಸಿಗಳಾಗುತ್ತಾರೆ. ವಿದ್ಯಾರ್ಥಿಗಳನ್ನೂ ಹಾಗೆಯೇ ಪರಿಗಣಿಸಬೇಕೆಂದು ರಿಸರ್ವ್ ಬ್ಯಾಂಕ್ 2003ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿತು. ಇಂಥವರು ಊರಿನ ಶಾಖೆಗೆ ತಿಳಿಸಿ, ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಿಕೊಳ್ಳಬೇಕು. ಬಾಡಿಗೆ, ಗುತ್ತಿಗೆ ಮುಂತಾದ ಇಲ್ಲಿನ ಆದಾಯ ಅದಕ್ಕೆ ಜಮೆಯಾಗುತ್ತದೆ. ವಿದೇಶದಲ್ಲಿ ದುಡಿದ ಹಣಕ್ಕೆ ಎನ್‌ಆರ್‌ಇ ಖಾತೆ ಅನುಕೂಲಕರ. ಅದರ ಬಡ್ಡಿಗೆ ಇಲ್ಲಿ ಆದಾಯ ತೆರಿಗೆ ಇಲ್ಲ, ಹಣವನ್ನು ಮುಕ್ತವಾಗಿ ಮರಳಿ ಒಯ್ಯಲೂಬಹುದು. ಎನ್‌ಆರ್‌ಒ ಖಾತೆಯಿಂದ ಒಯ್ಯಲು ವರ್ಷಕ್ಕೆ 10 ಲಕ್ಷ ಡಾಲರ್ ಮಿತಿಯಿದೆ.

ಮರಳಿದ ಮೇಲೆ ಮರೆಯಬಾರದ್ದು

ಅನಿವಾಸಿಯಾಗಿದ್ದಾಗ ಗಳಿಸಿ ಅಲ್ಲಿಟ್ಟ ಹಣವನ್ನು ಊರಿಗೆ ಮರಳಿದ ಮೇಲೂ ಅಲ್ಲಿಯೇ ಉಳಿಸಿಕೊಳ್ಳಲು ಫೆಮಾದ 6(4)ನೇ ಕಲಂ ಅನುಮತಿ ನೀಡುತ್ತದೆ. ಆದರೆ ತೆರಿಗೆ ದೃಷ್ಟಿಯಿಂದ ಪೂರ್ಣ ನಿವಾಸಿಯಾದ ಬಳಿಕ ಆದಾಯ ತೆರಿಗೆ ವಿವರಪಟ್ಟಿಯ ವಿದೇಶಿ ಆಸ್ತಿ ಅನುಸೂಚಿಯಲ್ಲಿ ಆ ಖಾತೆಯನ್ನು ನಮೂದಿಸಬೇಕು. ಹಣ ಎಷ್ಟೇ ಕಡಿಮೆ ಇದ್ದರೂ, ಖಾತೆ ನಿಷ್ಕ್ರಿಯವಾಗಿದ್ದರೂ ಈ ಹೊಣೆ ತಪ್ಪದು. 2015ರ ಕಪ್ಪುಹಣ ಕಾಯ್ದೆಯಡಿ, ಮುಚ್ಚಿಟ್ಟವರಿಗೆ 10 ಲಕ್ಷ ರೂಪಾಯಿ ದಂಡ ವಿಧಿಸಲು ಅವಕಾಶವಿದೆ. ಸ್ಥಿರಾಸ್ತಿ ಹೊರತಾದ ವಿದೇಶಿ ಆಸ್ತಿಗಳ ಒಟ್ಟು ಮೌಲ್ಯ 20 ಲಕ್ಷ ಮೀರದಿದ್ದರೆ ಈ ದಂಡದಿಂದ 2024ರ ಅಕ್ಟೋಬರ್ 1ರಿಂದ ವಿನಾಯಿತಿ ದೊರೆತಿದೆ. ಖಾತೆಗಳ ಮಾಹಿತಿಯನ್ನು ದೇಶಗಳು ಪರಸ್ಪರ ಹಂಚಿಕೊಳ್ಳುತ್ತಿರುವುದರಿಂದ ಮುಚ್ಚಿಡುವ ಪ್ರಯತ್ನ ವ್ಯರ್ಥ.

ಇತರರ ಹಣ ಸಾಗಿಸಲು ತಮ್ಮ ಖಾತೆಯನ್ನು ಕೊಡುವುದು, ಹವಾಲಾ ಮೂಲಕ ಮನೆಗೆ ಹಣ ಕಳುಹಿಸುವುದು ಅಪಾಯಕಾರಿ. ಫೆಮಾ ಉಲ್ಲಂಘನೆಗೆ ಮೊತ್ತದ ಮೂರು ಪಟ್ಟಿನವರೆಗೆ ದಂಡ ವಿಧಿಸಬಹುದಾಗಿದೆ. ಕೆಲಸ ಮುಗಿಸಿ ಮರಳುವವರು ಬೇಡವಾದ ಖಾತೆಯನ್ನು ಹೊರಡುವ ಮೊದಲೇ ಮುಚ್ಚಿ, ಮುಕ್ತಾಯ ಪತ್ರವನ್ನು ಕಾಪಾಡಿಕೊಳ್ಳುವುದು ಕ್ಷೇಮ. ಅಲ್ಲಿನ ಮೊಬೈಲ್ ಸಂಖ್ಯೆ ರದ್ದಾದ ಬಳಿಕ ಒಟಿಪಿ ಬಾರದೆ, ತಮ್ಮದೇ ಹಣ ತಮ್ಮ ಕೈಗೆಟುಕದ ಪರಿಸ್ಥಿತಿ ಉಂಟಾಗಬಹುದು.