ಅಲೈಂಗಿಕತೆ: ವ್ಯಾಧಿಯೋ, ಸ್ವಭಾವವೋ?

ಯಾರ ವಿಷಯದಲ್ಲಿಯೂ ಕಾಮಾಕರ್ಷಣೆ ಉಂಟಾಗದ ಸ್ವಭಾವಕ್ಕೆ ಅಲೈಂಗಿಕತೆ ಎಂದು ಹೆಸರು. ಇದು ವ್ಯಾಧಿಯೇ, ಲೈಂಗಿಕ ಒಲವಿನ ಒಂದು ಬಗೆಯೇ ಎಂಬ ಜಿಜ್ಞಾಸೆ ಪಾಶ್ಚಾತ್ಯ ವಿದ್ವಾಂಸರಲ್ಲಿ ಬಹುಕಾಲದಿಂದ ನಡೆದುಬಂದಿದೆ.

1948ರಲ್ಲಿ ಅಮೆರಿಕದ ಆಲ್ಫ್ರೆಡ್ ಕಿನ್ಸೆ ಪುರುಷರ ಒಲವನ್ನು ಸೊನ್ನೆಯಿಂದ ಆರರವರೆಗಿನ ಶ್ರೇಣಿಯಲ್ಲಿ ಅಳೆದರು. ಅದಕ್ಕೆ ಒಳಪಡದವರನ್ನು 'ಎಕ್ಸ್' ಎಂದು ಗುರುತಿಸಿ ಬದಿಗಿರಿಸಿದರು. 1980ರಲ್ಲಿ ಮೈಕೆಲ್ ಸ್ಟಾರ್ಮ್ಸ್ ತಮ್ಮ ವರ್ಗೀಕರಣದಲ್ಲಿ ಇಂಥವರಿಗೂ ಸ್ಥಾನವಿತ್ತರು. ಅದೇ ವರ್ಷ ಅಮೆರಿಕದ ಮನೋವೈದ್ಯರ ಕೈಪಿಡಿಯಾದರೋ ಕಾಮೇಚ್ಛೆ ಕುಂಠಿತವಾಗುವುದನ್ನು ವ್ಯಾಧಿಗಳ ಪಟ್ಟಿಗೆ ಸೇರಿಸಿತು.

2004ರಲ್ಲಿ ಕೆನಡಾದ ಆಂಥೊನಿ ಬೋಗರ್ಟ್, ಬ್ರಿಟನ್ನಿನ 18,000ಕ್ಕೂ ಮಿಕ್ಕ ಜನರ ಉತ್ತರಗಳನ್ನು ಪರಿಶೀಲಿಸಿ, ಸುಮಾರು ಶೇಕಡಾ 1ರಷ್ಟು ಮಂದಿ ಇಂಥವರೆಂದು ತಿಳಿಸಿದರು. ಆಗ ಚರ್ಚೆ ಬಿರುಸಾಯಿತು. ಒಲವೆಂದರೆ ಯಾರ ಕಡೆಗಾದರೂ ವಾಲುವುದು. ವಾಲದಿರುವುದು ಒಲವು ಹೇಗಾದೀತು ಎಂಬುದು ಒಂದು ಪಕ್ಷ. ಆಕರ್ಷಣೆಯ ಅಭಾವವೂ ಬಾಳಿನುದ್ದಕ್ಕೂ ಸ್ಥಿರವಾಗಿರಬಲ್ಲದು, ಮನೋವೇದನೆಯಿಲ್ಲದೆಡೆ ವ್ಯಾಧಿಯೆನ್ನಲು ಆಧಾರವಿಲ್ಲ ಎಂಬುದು ಪ್ರತಿಪಕ್ಷ. 2013ರ ಕೈಪಿಡಿ, ತಮ್ಮನ್ನು ಅಲೈಂಗಿಕರೆಂದು ಅರಿತವರಿಗೆ ಇಚ್ಛಾಕೊರತೆಯ ವ್ಯಾಧಿಯನ್ನು ಆರೋಪಿಸಬಾರದೆಂದಿತು. 2017ರಲ್ಲಿ ಲೋರಿ ಬ್ರೊಟ್ಟೊ ಮತ್ತು ಮೊರಾಗ್ ಯೂಲ್ ಲಭ್ಯ ಸಂಶೋಧನೆಗಳನ್ನು ತೂಗಿ, ಇದನ್ನು ವಿಶಿಷ್ಟ ಒಲವೆಂದು ಭಾವಿಸುವುದೇ ಯುಕ್ತವೆಂದರು. ಅಲೈಂಗಿಕರಲ್ಲಿಯೇ ವೈವಿಧ್ಯ ಬಹಳವಿರುವುದರಿಂದ ಚರ್ಚೆ ಇನ್ನೂ ಮುಗಿದಿಲ್ಲ.

ಬ್ರಹ್ಮಚರ್ಯವು ಇದಕ್ಕಿಂತ ಭಿನ್ನ. ಅದು ಸಂಕಲ್ಪಪೂರ್ವಕವಾಗಿ ಸ್ವೀಕರಿಸುವ ವ್ರತ; ಇದು ತಾನಾಗಿ ಇರುವ ಸ್ವಭಾವ. ಆದ್ದರಿಂದ ಇದನ್ನು ತ್ಯಾಗವೆಂದು ಕೊಂಡಾಡುವುದೂ, ನ್ಯೂನತೆಯೆಂದು ಹಳಿಯುವುದೂ ಸಲ್ಲದು. ಮದುವೆಯಾದರೆ ಎಲ್ಲವೂ ಸರಿಹೋದೀತೆಂದು ಇಂಥವರನ್ನು ಬಲವಂತಪಡಿಸಿದರೆ ಎರಡು ಜೀವಗಳು ನೋಯುತ್ತವೆ. ಮಕ್ಕಳ ಮಾತನ್ನು ಹಿರಿಯರು ಮೊದಲೇ ಸಮಾಧಾನದಿಂದ ಆಲಿಸುವುದು ಲೇಸು.