ಬಿಡಿಸಿದ ಒಗಟಿನ ಬಳಿಗೆ ಮತ್ತೆ

ಐರ್ಲೆಂಡಿನ ಒಂದು ಪಾಳು ಕೋಟೆ. ಗೋಡೆ ಹತ್ತಿ ಒಳಗಿಳಿದರೆ ಹಗ್ಗದಲ್ಲಿ ಕಟ್ಟಿದ ಒಂದು ಆಡು. ಒಂದು ಹೆಜ್ಜೆ ಮುಂದಿಟ್ಟರೆ ಓಡಿಬಂದು ಗುದ್ದಿ ಬೀಳಿಸುತ್ತದೆ. ಇಂಗ್ಲೆಂಡಿನ ರೆವಲ್ಯೂಷನ್ ಸಾಫ್ಟ್‌ವೇರ್ 1996ರಲ್ಲಿ ಹೊರತಂದ ‘ಬ್ರೋಕನ್ ಸ್ವೋರ್ಡ್’ ಆಟದಲ್ಲಿ ಅರ್ಧಕ್ಕೇ ಕೈಬಿಟ್ಟವರ ಪೈಕಿ ಬಹಳ ಮಂದಿ ದೂರುವುದು ಈ ಆಡನ್ನೇ. ಪರಿಹಾರ ಕೇಳಿದರೆ ಸುಲಭ: ಗುದ್ದು ತಿಂದು ಬಿದ್ದ ನಾಯಕ ಏಳುತ್ತಿದ್ದಂತೆಯೇ ಪಕ್ಕದಲ್ಲಿ ಬಿದ್ದಿರುವ ಉಳುಮೆಯ ಸಲಕರಣೆಯ ಮೇಲೆ ಕ್ಲಿಕ್ ಮಾಡಬೇಕು, ಬೆನ್ನಟ್ಟಿ ಬರುವ ಆಡಿನ ಹಗ್ಗ ಅದಕ್ಕೆ ಸಿಕ್ಕಿಕೊಂಡು ದಾರಿ ತೆರವಾಗುತ್ತದೆ. ಅಲ್ಲಿಯವರೆಗೆ ಎಷ್ಟು ಹೊತ್ತಾದರೂ ಯೋಚಿಸಲು ಬಿಟ್ಟಿದ್ದ ಆಟ ಇದ್ದಕ್ಕಿದ್ದಂತೆ ಚುರುಕು ಕೈ ಕೇಳುತ್ತದೆ, ಕೇಳುತ್ತಿದ್ದೇನೆಂಬ ಸುಳಿವನ್ನೂ ಕೊಡುವುದಿಲ್ಲ. ಆ ಉಪಾಯ ಗೊತ್ತಿಲ್ಲದ ಅಭಿಮಾನಿ ಇವತ್ತು ಸಿಗುವುದು ಕಷ್ಟ. ಆದರೂ 2024ರ ಸೆಪ್ಟೆಂಬರಿನಲ್ಲಿ ಅದೇ ಆಟ, ಅದೇ ಆಡು, ಹೊಸದಾಗಿ ಬಿಡಿಸಿದ ಚಿತ್ರಗಳೊಂದಿಗೆ ‘ರಿಫೋರ್ಜ್ಡ್’ ಆಗಿ ಬಂದಾಗ ಹಳಬರು ಮತ್ತೆ ಆಡಿದರು. 2023ರಲ್ಲಿ ಘೋಷಣೆಯಾದ ಆರನೆಯ ಭಾಗ ‘ಪಾರ್ಜಿವಲ್ಸ್ ಸ್ಟೋನ್’ಗೆ ಕಾದವರೂ ಇವರೇ. ಒಮ್ಮೆ ಬಿಡಿಸಿದರೆ ಮುಗಿದುಹೋಗುವುದೇ ಒಗಟಿನ ಸ್ವಭಾವ ಎನ್ನುವುದಾದರೆ, ಒಗಟುಗಳನ್ನೇ ಪೋಣಿಸಿದ ಒಂದು ಆಟವನ್ನು ಜನ ಎರಡನೆಯ ಸಲ ಯಾಕೆ ಆಡುತ್ತಾರೆ? ಮೌಸ್ ಕ್ಲಿಕ್ಕಿನಿಂದಲೇ ಆಡುವ ಈ ಪಾಯಿಂಟ್ ಆ್ಯಂಡ್ ಕ್ಲಿಕ್ ಆಟಗಳ ಸುಮಾರು ನಲವತ್ತು ವರ್ಷಗಳ ಚರಿತ್ರೆಯನ್ನು ಈ ಪ್ರಶ್ನೆ ಇಟ್ಟುಕೊಂಡು ನೋಡಿದರೆ ಸಾಮಾನ್ಯವಾಗಿ ಹೇಳುವ ಏಳುಬೀಳಿನ ಕಥೆ ಬೇರೆಯೇ ಆಗಿ ಕಾಣುತ್ತದೆ. ಇಲ್ಲಿ ಉಳಿದುಕೊಂಡು ಬಂದದ್ದು ಒಗಟಲ್ಲ, ಮಾತು ಮತ್ತು ಜಾಗ. ಒಗಟು ಮಾಡಿದ್ದು ನಮ್ಮನ್ನು ಅಲ್ಲಿ ತಡೆದು ನಿಲ್ಲಿಸುವ ಕೆಲಸ.

ಮೊದಲು ಚಿತ್ರವೇ ಇರಲಿಲ್ಲ. ಅಮೆರಿಕದ ಕೆಂಟಕಿಯ ಮ್ಯಾಮತ್ ಗುಹೆಗಳಲ್ಲಿ ನಕ್ಷೆ ತಯಾರಿಸುತ್ತಿದ್ದ ಪ್ರೋಗ್ರಾಮರ್ ವಿಲ್ ಕ್ರೌಥರ್ 1976ರ ಹೊತ್ತಿಗೆ ಆ ಗುಹೆಯನ್ನೇ ಅಕ್ಷರದಲ್ಲಿ ಕಟ್ಟಿ ‘ಕಲಾಸಲ್ ಕೇವ್ ಅಡ್ವೆಂಚರ್’ ಬರೆದ. ಮರುವರ್ಷ ಡಾನ್ ವುಡ್ಸ್ ಅದನ್ನು ಬೆಳೆಸಿದ. ಎರಡು ಪದದ ಆಜ್ಞೆ ಟೈಪ್ ಮಾಡುವುದು, ಬಂದ ವರ್ಣನೆ ಓದುವುದು, ಅಷ್ಟೇ ಆಟ. 1980ರಲ್ಲಿ ರಾಬರ್ಟಾ ಮತ್ತು ಕೆನ್ ವಿಲಿಯಮ್ಸ್ ದಂಪತಿಯ ‘ಮಿಸ್ಟರಿ ಹೌಸ್’ ಗೆರೆಚಿತ್ರ ಸೇರಿಸಿತು, 1984ರ ‘ಕಿಂಗ್ಸ್ ಕ್ವೆಸ್ಟ್’ ಚಿತ್ರದೊಳಗೆ ಓಡಾಡುವ ರಾಜಭಟನನ್ನು ತಂದಿತು. ಆದರೆ ಟೈಪ್ ಮಾಡುವ ಶಿಕ್ಷೆ ಮಾತ್ರ ಹಾಗೇ ಉಳಿಯಿತು. ಏನು ಮಾಡಬೇಕೆಂದು ಗೊತ್ತಿದ್ದರೂ ಯಂತ್ರಕ್ಕೆ ಯಾವ ಪದ ಒಪ್ಪಿಗೆಯೆಂದು ತಡಕಾಡುತ್ತ ಗಂಟೆಗಳು ಹೋಗುತ್ತಿದ್ದವು. ಮೌಸ್ ಹಿಡಿದು ವಸ್ತುಗಳನ್ನು ಮುಟ್ಟುವ ಆಟಗಳು 1985ರ ‘ಡೇಜಾ ವೂ’ ಹೊತ್ತಿಗೇ ಇದ್ದವು. ಆದರೆ ಒಂದು ಪರಂಪರೆಗೆ ಅಡಿಪಾಯ ಹಾಕಿದ್ದು 1987ರ ‘ಮೇನಿಯಾಕ್ ಮ್ಯಾನ್ಶನ್’. ಲೂಕಸ್‌ಫಿಲ್ಮ್ ಗೇಮ್ಸ್‌ನ ರಾನ್ ಗಿಲ್ಬರ್ಟ್ ಮತ್ತು ಗ್ಯಾರಿ ವಿನಿಕ್ ಕ್ರಿಯಾಪದಗಳನ್ನು ಪರದೆಯ ಕೆಳಗೆ ಸಾಲಾಗಿ ಬರೆದಿಟ್ಟರು: ತೆರೆ, ಎತ್ತಿಕೋ, ತಳ್ಳು, ಕೊಡು. ಆಡುವವರ ಗಮನ ಪದ ಹುಡುಕುವ ಪರದಾಟದಿಂದ ಬಿಡುಗಡೆಯಾಗಿ ಕೋಣೆಯ ಕಡೆಗೆ, ಮೇಜಿನ ಮೇಲಿನ ಸಾಮಾನಿನ ಕಡೆಗೆ ಹೊರಳಿತು. ಎರಡು ವರ್ಷದ ಬಳಿಕ ಗಿಲ್ಬರ್ಟ್ ತಮ್ಮ ಕ್ಷೇತ್ರದ ಆಟಗಳು ಯಾಕೆ ಸಪ್ಪೆಯೆಂದು ಕಟುವಾಗಿ ಒಂದು ಲೇಖನ ಬರೆದರು. ಕಾರಣವಿಲ್ಲದ ಸಾವು, ಹಿಂದೆಂದೋ ಒಂದು ವಸ್ತು ಎತ್ತಿಕೊಳ್ಳದ ತಪ್ಪಿಗೆ ಮುಂದೆ ದಾರಿಯೇ ಮುಚ್ಚಿಹೋಗುವುದು, ಇವೆಲ್ಲ ಆಡುವವರಿಗೆ ಮಾಡುವ ಮೋಸವೆಂಬುದು ಅವರ ವಾದ. ಒಗಟಿನ ಬಗ್ಗೆ ಒಂದು ದೊಡ್ಡ ದೂರು ಬಂದದ್ದು ಹೀಗೆ ಒಗಟು ಕಟ್ಟುವವನಿಂದಲೇ.

ಆ ದೂರಿಗೆ ಉತ್ತರವಾಗಿ 1990ರಲ್ಲಿ ಬಂತು ‘ದಿ ಸೀಕ್ರೆಟ್ ಆಫ್ ಮಂಕಿ ಐಲೆಂಡ್’. ಕಡಲ್ಗಳ್ಳನಾಗಬೇಕೆಂದು ಹೊರಟ ಗೈಬ್ರಷ್ ಎಂಬ ಪೆದ್ದ ಹುಡುಗ ಕತ್ತಿವರಸೆ ಕಲಿಯಬೇಕು. ಕತ್ತಿವರಸೆಯಲ್ಲಿ ಗೆಲ್ಲಿಸುವುದು ಕತ್ತಿಯಲ್ಲ, ಬೈಗುಳ. ಎದುರಾಳಿ ಒಂದು ಹೀಯಾಳಿಕೆ ಎಸೆಯುತ್ತಾನೆ. ಅದಕ್ಕೆ ತಕ್ಕ ಮರುಮಾತು ಕೊಟ್ಟರೆ ಒಂದು ಹೆಜ್ಜೆ ಮುಂದೆ, ತಡವರಿಸಿದರೆ ಹಿಂದೆ. ದಾರಿಯಲ್ಲಿ ಸಿಗುವ ಕಳ್ಳರ ಕೈಲಿ ಸೋಲುತ್ತ ಬೈಗುಳ ಕಲಿಯಬೇಕು, ಗೆಲ್ಲುವವರ ಬಾಯಿಂದ ಉತ್ತರ ಕದಿಯಬೇಕು. ಕೊನೆಗೆ ಕತ್ತಿಯ ಒಡತಿ ಕಾರ್ಲಾಳ ಎದುರು ನಿಂತಾಗ ಅವಳು ಬಳಸುವ ಬೈಗುಳಗಳು ಒಂದೂ ಕೇಳಿದವಲ್ಲ. ಹಳೆಯ ಉತ್ತರಗಳನ್ನೇ ಹೊಸ ಬೈಗುಳಕ್ಕೆ ಹೊಂದಿಸಬೇಕು. ಕಲ್ಯಾಣಪುರ, ಮಲ್ಪೆ, ಕಾಪು ಕಡೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ವಾಲಿ ಸಾಯುತ್ತಾನೆಂದು ಮಕ್ಕಳಿಗೂ ಗೊತ್ತು. ಆದರೂ ಶೇಣಿ ಗೋಪಾಲಕೃಷ್ಣ ಭಟ್ಟರಂಥವರ, ಮಲ್ಪೆ ಶಂಕರನಾರಾಯಣ ಸಾಮಗರಂಥವರ ಅರ್ಥಗಾರಿಕೆ ಕೇಳಲು ಜನ ಅದೇ ಪ್ರಸಂಗಕ್ಕೆ ಮತ್ತೆ ಹೋಗುತ್ತಿದ್ದರು. ಮುಂದೇನಾಗುತ್ತದೆ ಎಂಬ ಕುತೂಹಲ ಅಲ್ಲಿ ಸೆಳೆತವೇ ಅಲ್ಲ. ಮಂಕಿ ಐಲೆಂಡನ್ನು ಮತ್ತೆ ಆಡುವವರಿಗೂ ಉತ್ತರ ಬಾಯಿಪಾಠವಾಗಿದೆ. ಅವರು ಬರುವುದು ಆ ಮಾತಿನ ಪೆಟ್ಟು ಬೀಳುವ ಗಳಿಗೆಗೆ. ಹೋಲಿಕೆ ಒಂದು ಕಡೆ ಸೋಲುತ್ತದೆ, ಅದನ್ನೂ ಹೇಳಬೇಕು. ಅರ್ಥಧಾರಿ ಪ್ರತಿ ರಾತ್ರಿ ಹೊಸ ಮಾತು ಕಟ್ಟುತ್ತಾನೆ. ಆಟದಲ್ಲಿ ಬರೆದಿಟ್ಟದ್ದಕ್ಕಿಂತ ಒಂದಕ್ಷರ ಹೆಚ್ಚಿಲ್ಲ. ಅದಕ್ಕಾಗಿಯೇ ಇಲ್ಲಿ ಅಭಿಮಾನಿಗೆ ಮುಂದಿನ ಭಾಗದ ಹಸಿವು ಅಷ್ಟು ತೀವ್ರ: ಹೊಸ ಮಾತು ಬೇಕಿದ್ದರೆ ಹೊಸ ಆಟವೇ ಬರಬೇಕು.

1993ರ ‘ಮಿಸ್ಟ್’ ಇದಕ್ಕೆ ತದ್ವಿರುದ್ಧ ದಾರಿ ಹಿಡಿಯಿತು. ಮಿಲ್ಲರ್ ಸಹೋದರರ ಆ ದ್ವೀಪದಲ್ಲಿ ಮಾತನಾಡಿಸಲು ಜನವೇ ಇಲ್ಲವೆನ್ನಬೇಕು. ಸ್ಥಿರ ಚಿತ್ರಗಳು, ಗಾಳಿಯ ಸದ್ದು, ಹಲ್ಲುಗಾಲಿಗಳು. ಅರವತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಿದ ಆ ಆಟ 2002ರಲ್ಲಿ ‘ದಿ ಸಿಮ್ಸ್’ ಹಿಂದೆ ಹಾಕುವವರೆಗೆ ಪಿಸಿ ಆಟಗಳಲ್ಲಿ ಮಾರಾಟದ ಮೊದಲ ಸ್ಥಾನದಲ್ಲಿತ್ತು. ಅದರ ನಂತರ ಈ ಬಗೆಯ ಆಟಗಳು ಕುಸಿದದ್ದನ್ನು ಎಲ್ಲರೂ ಒಂದೇ ಉದಾಹರಣೆಯಿಂದ ವಿವರಿಸುತ್ತಾರೆ: 1999ರ ‘ಗೇಬ್ರಿಯಲ್ ನೈಟ್ 3’. ನಾಯಕ ಗೆಳೆಯನ ಹೆಸರಲ್ಲಿ ಬಾಡಿಗೆಗೆ ಬೈಕ್ ಪಡೆಯಬೇಕು. ಅದಕ್ಕಾಗಿ ಬೆಕ್ಕು ನುಸುಳುವ ಕಂಡಿಗೆ ಅಂಟುಪಟ್ಟಿ ಹಚ್ಚಿ ಕೂದಲು ಸಂಗ್ರಹಿಸಿ, ಮೇಪಲ್ ಪಾಕದಿಂದ ಮೀಸೆ ಅಂಟಿಸಿಕೊಳ್ಳಬೇಕು. ಗೆಳೆಯನಿಗೆ ಮೀಸೆಯೇ ಇಲ್ಲ. ಹಾಗಾಗಿ ಅವನ ಪಾಸ್‌ಪೋರ್ಟಿನ ಫೋಟೋಕ್ಕೂ ಮೀಸೆ ಬರೆಯಬೇಕು! ಇಂಥ ತರ್ಕವೇ ಈ ಬಗೆಯ ಆಟಗಳನ್ನು ಕೊಂದಿತು ಎಂಬ ಮಾತು ಆಗಿನಿಂದ ಚಾಲ್ತಿಯಲ್ಲಿದೆ. ನನಗೆ ಇದು ಅರ್ಧಸತ್ಯವಾಗಿ ಕಾಣುತ್ತದೆ. ಅದಕ್ಕಿಂತ ವಿಚಿತ್ರ ಒಗಟುಗಳು ಹತ್ತು ವರ್ಷ ಹಿಂದೆ ಧಾರಾಳವಾಗಿದ್ದವು, ಆಗ ಯಾರೂ ಓಡಿಹೋಗಲಿಲ್ಲ. ಬದಲಾದದ್ದು ಖರ್ಚಿನ ಲೆಕ್ಕ. ಮೂರು ಆಯಾಮದ ಚಿತ್ರಣ ದುಬಾರಿಯಾಯಿತು, ಅದೇ ಹಣ ಹಾಕಿದರೆ ಗುಂಡು ಹಾರಿಸುವ ಆಟಗಳು ಬೇಗ ಲಾಭ ತಂದುಕೊಟ್ಟವು. 1998ರ ‘ಗ್ರಿಮ್ ಫ್ಯಾಂಡ್ಯಾಂಗೊ’ ಒಗಟುಗಳೂ ಬೈಸಿಕೊಂಡವು, ಆಟ ಮಾರಾಟದಲ್ಲೂ ಸೋತಿತು. ಆದರೆ ಸತ್ತವರ ಲೋಕದ ಪ್ರವಾಸ ಏಜೆಂಟನ ಆ ಕಥೆ 2015ರಲ್ಲಿ ಮತ್ತೆ ಬಂದಾಗ ಒಗಟುಗಳನ್ನು ತಿದ್ದಲೂ ಇಲ್ಲ.

ಆ ಮರುಬಿಡುಗಡೆಯಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಮೂಲದಲ್ಲಿ ಮೌಸ್‌ನಿಂದ ಆಡಲು ಬಾರದಿದ್ದ ಆಟಕ್ಕೆ ಮೌಸ್ ಜೋಡಿಸಿದ್ದು ಒಬ್ಬ ಅಭಿಮಾನಿ, ತನ್ನ ಸ್ವಂತ ಖುಷಿಗೆ. ಮರುಬಿಡುಗಡೆ ಮಾಡಿದ ಕಂಪನಿ ಆ ಕೆಲಸವನ್ನೇ ಬಳಸಿಕೊಂಡಿತು. ಮತ್ತೆ ಆಡುವುದೆಂದರೆ ಬರೀ ಹಳೆಯ ದಿನಗಳ ಹಂಬಲ ಎನ್ನುವವರು ಈ ದುಡಿಮೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. 2001ರಲ್ಲಿ ಇಬ್ಬರು ಹವ್ಯಾಸಿಗಳು ಶುರುಮಾಡಿದ ‘ಸ್ಕಮ್‌ವಿಎಂ’ ಹಳೆಯ ಆಟಗಳ ಎಂಜಿನ್ನನ್ನು ಹೊಸದಾಗಿ ಬರೆಯುವ ಯೋಜನೆ. ಮೂಲ ಆಟದ ದತ್ತಾಂಶ ಕೈಯಲ್ಲಿದ್ದರೆ ಡಾಸ್ ಕಾಲದ ಆಟ ಇಂದಿನ ಲ್ಯಾಪ್‌ಟಾಪಿನಲ್ಲಿ, ಆ್ಯಂಡ್ರಾಯ್ಡ್ ಫೋನಿನಲ್ಲಿ ಓಡುತ್ತದೆ. ರೆವಲ್ಯೂಷನ್ ತನ್ನ 1994ರ ‘ಬಿನೀತ್ ಎ ಸ್ಟೀಲ್ ಸ್ಕೈ’ ಆಟವನ್ನು 2003ರಲ್ಲಿ ಈ ಯೋಜನೆಯ ಮೂಲಕ ಉಚಿತವಾಗಿ ಬಿಟ್ಟುಕೊಟ್ಟಿತು. ಮುಂದೆ 2020ರಲ್ಲಿ ಅದರ ಎರಡನೆಯ ಭಾಗ ಬಂತು. ಹಕ್ಕುದಾರರೆಲ್ಲ ಹೀಗಿರಲಿಲ್ಲ. ‘ಕಿಂಗ್ಸ್ ಕ್ವೆಸ್ಟ್’ ಅಭಿಮಾನಿಗಳು ತಾವೇ ಕಟ್ಟುತ್ತಿದ್ದ ಮುಂದುವರಿಕೆಯನ್ನು 2005ರಲ್ಲಿ ನಿಲ್ಲಿಸಬೇಕಾಗಿ ಬಂತು, ಜಗ್ಗಾಟದ ನಂತರ 2010ರಲ್ಲಿ ಬಿಡುಗಡೆಗೆ ಒಪ್ಪಿಗೆ ಸಿಕ್ಕಿತು. ನಮ್ಮ ಕಡೆ ಈ ಆಟಗಳ ಚರಿತ್ರೆ ಇನ್ನೂ ತಿರುವುಮುರುವು. 1997ರಲ್ಲಿ ಬೆಂಗಳೂರಿನಲ್ಲಿ ಧ್ರುವ ಇಂಟರ್ಯಾಕ್ಟಿವ್ ಆರಂಭವಾಗಿ ದೇಶದ ಗೇಮ್ ಉದ್ಯಮಕ್ಕೆ ಬುನಾದಿ ಹಾಕಿದರೂ ಅದರ ಮುಖ್ಯ ದುಡಿಮೆ ವಿದೇಶಿ ಕಂಪನಿಗಳ ಆಟಗಳಿಗೇ ಸಂದಿತು. ಇಲ್ಲಿನ ಅನೇಕರಿಗೆ ಈ ‘ಹಳೆಯ’ ಆಟಗಳು ಸಿಕ್ಕಿದ್ದೇ ಸ್ಕಮ್‌ವಿಎಂ ಬಂದ ಮೇಲೆ. ಅಂಥವರ ಮೆಚ್ಚುಗೆಯನ್ನು ಬಾಲ್ಯದ ನೆನಪೆಂದು ತಳ್ಳಿಹಾಕಲು ಬರುವುದಿಲ್ಲ.

2012ರ ಫೆಬ್ರವರಿಯಲ್ಲಿ, ‘ಗ್ರಿಮ್ ಫ್ಯಾಂಡ್ಯಾಂಗೊ’ ಮಾಡಿದ ಟಿಮ್ ಶೇಫರ್ ಅವರ ಡಬಲ್ ಫೈನ್ ಕಂಪನಿ ಒಂದು ಹೊಸ ಆಟಕ್ಕಾಗಿ ಜನರಿಂದ ನಾಲ್ಕು ಲಕ್ಷ ಡಾಲರ್ ಕೇಳಿತು. 87 ಸಾವಿರಕ್ಕೂ ಹೆಚ್ಚು ಮಂದಿ ಸೇರಿ 33 ಲಕ್ಷ ಡಾಲರ್ ಕೊಟ್ಟರು. ಕಾದವರ ಹಸಿವಿಗೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಅದರಿಂದ ಹುಟ್ಟಿದ ‘ಬ್ರೋಕನ್ ಏಜ್’ ಹಸಿವನ್ನು ಅರ್ಧವಷ್ಟೇ ತಣಿಸಿತು. ಮೊದಲ ಭಾಗ ಸುಲಭವಾಯಿತೆಂದು ಗೊಣಗಿದವರಿಗಾಗಿ ಎರಡನೆಯ ಭಾಗ ಕಷ್ಟವಾಯಿತು, ಆಗ ಕಷ್ಟವಾಯಿತೆಂದು ಗೊಣಗಾಟ. 2012ರಲ್ಲೇ ಟೆಲ್‌ಟೇಲ್ ಕಂಪನಿಯ ‘ದಿ ವಾಕಿಂಗ್ ಡೆಡ್’ ಒಗಟನ್ನು ಹೆಚ್ಚುಕಡಿಮೆ ಕೈಬಿಟ್ಟು, ಸಂಭಾಷಣೆಯ ಆಯ್ಕೆಗಳ ಮೇಲೆಯೇ ನಿಂತು ಭಾರೀ ಯಶಸ್ಸು ಕಂಡಿತು. ಇಲ್ಲಿ ನನ್ನ ವಾದಕ್ಕೆ ಬಲವಾದ ಆಕ್ಷೇಪವೊಂದು ಏಳುತ್ತದೆ: ಮಾತೇ ಮುಖ್ಯವಾದರೆ ಒಗಟು ಯಾಕೆ? ಸಿನಿಮಾ ನೋಡಿದರಾಗದೇ? ಉತ್ತರ ತಡೆಯುವಿಕೆಯಲ್ಲಿದೆ. ದಾರಿ ಸಿಗದೆ ಒಂದೇ ಬೀದಿಯಲ್ಲಿ ಹತ್ತು ಸಲ ಅಡ್ಡಾಡಿದವರಿಗೆ ಆ ಬೀದಿಯ ಬೋರ್ಡು, ಬಾಗಿಲು, ಮೂಲೆಯ ಬೆಕ್ಕು ಎಲ್ಲ ಪರಿಚಯವಾಗುತ್ತವೆ. ಅಂಗಡಿಯವನನ್ನು ಬೇಕಾದ್ದು ಕೇಳಿ ಮುಗಿಸಿದ ಮೇಲೆ ಬೇಡದ್ದನ್ನೂ ಕೇಳುತ್ತಾರೆ. ಬರೆದವರ ನಗು ಬಚ್ಚಿಟ್ಟುಕೊಂಡಿರುವುದು ಆ ಬೇಡದ ಪ್ರಶ್ನೆಗಳ ಉತ್ತರದಲ್ಲೇ. ಟೆಲ್‌ಟೇಲ್ ಆಟಗಳು ಈ ಅಡ್ಡಾಟಕ್ಕೆ ಹೊತ್ತು ಕೊಡಲಿಲ್ಲ. ಎರಡನೆಯ ಸಲ ಆಡಿದಾಗ ಆಯ್ಕೆಗಳು ಕಥೆಯನ್ನು ಎಷ್ಟು ಕಡಿಮೆ ಬದಲಿಸುತ್ತವೆಂಬುದು ಎದ್ದು ಕಂಡಿತು. 2018ರಲ್ಲಿ ಆ ಕಂಪನಿ ಬಾಗಿಲು ಹಾಕಿದ್ದಕ್ಕೆ ಆಡಳಿತದ ಕಾರಣಗಳೂ ಇದ್ದವು, ಎಲ್ಲವನ್ನೂ ಒಗಟಿನ ತಲೆಗೆ ಕಟ್ಟಲಾಗದು.

ಇನ್ನೊಂದು ಆಕ್ಷೇಪ ಕಾಯುವವರ ಮೇಲೆಯೇ. ಅಭಿಮಾನಿಗೆ ಬೇಕಾದದ್ದು ಮುಂದಿನ ಭಾಗವಲ್ಲ, ಹಿಂದಿನದ್ದೇ ಮತ್ತೊಮ್ಮೆ ಎನ್ನುತ್ತಾರೆ. ಇದರಲ್ಲಿ ಹುರುಳಿದೆ. 1991ರ ‘ಮಂಕಿ ಐಲೆಂಡ್ 2’ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಎತ್ತಿಕೊಂಡು ಗಿಲ್ಬರ್ಟ್ ಮತ್ತು ಡೇವ್ ಗ್ರಾಸ್‌ಮನ್ 2022ರಲ್ಲಿ ‘ರಿಟರ್ನ್ ಟು ಮಂಕಿ ಐಲೆಂಡ್’ ತಂದರು. ಅದರ ಚಿತ್ರಶೈಲಿ ಹಳೆಯದರಂತಿಲ್ಲವೆಂದು ಆಟ ಬರುವ ಮೊದಲೇ ಕೆಲವರು ಅತಿ ಕೀಳಾಗಿ ಬೈದರು. ಬಂದ ಮೇಲೆ ನೋಡಿದರೆ ಆಟದ ವಿಷಯವೇ ಅದು: ವಯಸ್ಸಾದ ಗೈಬ್ರಷ್ ದ್ವೀಪದ ರಹಸ್ಯಕ್ಕಾಗಿ ಮತ್ತೆ ಹೊರಡುತ್ತಾನೆ, ಆ ಹಟಕ್ಕೆ ಸುತ್ತಲಿನವರು ತೆತ್ತ ಬೆಲೆ ಒಂದೊಂದಾಗಿ ಕಣ್ಣಿಗೆ ಬೀಳುತ್ತದೆ. ಒಗಟಿನ ಜಗಳವನ್ನೂ ಅವರು ಜಾಣತನದಿಂದ ಬಗೆಹರಿಸಿದರು. ಸುಲಭ, ಕಠಿಣ ಎಂಬ ಎರಡು ಬಗೆ. ಜೇಬಿನಲ್ಲೇ ಒಂದು ಸುಳಿವಿನ ಪುಸ್ತಕ. ಅದು ಉತ್ತರವನ್ನು ಒಮ್ಮೆಲೇ ಹೇಳದೆ ಮೊದಲು ತಿವಿಯುತ್ತದೆ, ಮತ್ತೆ ಕೇಳಿದರೆ ಇನ್ನಷ್ಟು. ‘ಬ್ರೋಕನ್ ಸ್ವೋರ್ಡ್’ ರಿಫೋರ್ಜ್ಡ್‌ನಲ್ಲೂ ಸುಳಿವು ಕೊಡುವ ಕಥೆಯ ಬಗೆ, ಕೊಡದ ಹಳೆಯ ಬಗೆ ಎರಡೂ ಇವೆ. ಕಾಯುವ ಪಾಡು ಉಡುಪಿಯವರಿಗೆ ಹೊಸದಲ್ಲ: ಮಲ್ಪೆಯ ಕಡಲತೀರದಲ್ಲಿ ಚಿತ್ರೀಕರಣವಾದ 2014ರ ‘ಉಳಿದವರು ಕಂಡಂತೆ’ ಚಿತ್ರಮಂದಿರದಲ್ಲಿ ಗೆದ್ದದ್ದಕ್ಕಿಂತ ಆಮೇಲೆ ಮತ್ತೆ ಮತ್ತೆ ನೋಡಿದವರಿಂದ ಬೆಳೆಯಿತು, ಆ ಪ್ರೀತಿಯ ಬಲದ ಮೇಲೆಯೇ 2021ರಲ್ಲಿ ಅದೇ ಕಥೆಗೆ ಸೇರಿದ ‘ರಿಚರ್ಡ್ ಆ್ಯಂಟನಿ’ ಚಿತ್ರದ ಘೋಷಣೆಯಾಯಿತು.

ಇಷ್ಟು ಮಾತುಗಾರಿಕೆಯ ಆಟಗಳು ನಮ್ಮ ಭಾಷೆಯಲ್ಲಿ ಯಾಕಿಲ್ಲ ಎಂಬ ಪ್ರಶ್ನೆ ಸಹಜ. ತಮಿಳಿಗೆ ಸಂಬಂಧಿಸಿ ಹತ್ತಿರದ ಉದಾಹರಣೆಯೊಂದಿದೆ. ಟೊರಾಂಟೊದ ವಿಸೈ ಗೇಮ್ಸ್ 2023ರಲ್ಲಿ ತಂದ ‘ವೆಣ್ಬಾ’ದಲ್ಲಿ ಹರಿದುಹೋದ ಅಡುಗೆ ಪುಸ್ತಕವೇ ಒಗಟು, ಇಡ್ಲಿ ತಟ್ಟೆಗಳನ್ನು ಯಾವ ಕ್ರಮದಲ್ಲಿ ಇಡಬೇಕೆಂದು ಅಳಿಸಿದ ಬರಹದಿಂದ ಊಹಿಸಬೇಕು. ಕನ್ನಡಕ್ಕೆ ಬಹುಕಾಲ ಇದ್ದ ತೊಡಕು ಒಂದು ತಾಂತ್ರಿಕ ಸಂಗತಿ. ಹಳೆಯ ಎಂಜಿನ್ನುಗಳು ಅಕ್ಷರದ ಪಕ್ಕ ಅಕ್ಷರ ಜೋಡಿಸಿ ಬರೆಯುತ್ತಿದ್ದವು. ಒತ್ತಕ್ಷರ ಕೆಳಗಿಳಿಯಬೇಕು, ಗುಣಿತ ಅಂಟಬೇಕು ಎಂಬುದು ಅವಕ್ಕೆ ತಿಳಿಯದು. 2023ರ ಮಾರ್ಚಿನಲ್ಲಿ ಬಂದ ಉಚಿತ ಗೋಡೋ 4 ಎಂಜಿನ್ನಿನಲ್ಲಿ ಅಕ್ಷರ ಸಂಯೋಜನೆಯ ವ್ಯವಸ್ಥೆ ಅಡಕವಾಗಿದೆ, ಪಾಯಿಂಟ್ ಆ್ಯಂಡ್ ಕ್ಲಿಕ್ ಆಟಕ್ಕೆಂದೇ ‘ಪೊಪೊಚಿಯು’ ಎಂಬ ಜೋಡಣೆಯೂ ಅದಕ್ಕೆ ಸಿಗುತ್ತದೆ. ಈಗ ಉಳಿದಿರುವುದು ಬರವಣಿಗೆಯ ಕೆಲಸ, ಅದು ಚಿಕ್ಕದಲ್ಲ: ಒಂದು ಮಧ್ಯಮ ಗಾತ್ರದ ಆಟಕ್ಕೂ ಸಾವಿರಾರು ಸಾಲು ಸಂಭಾಷಣೆ ಬೇಕು, ಅದರಲ್ಲಿ ಅರ್ಧಕ್ಕರ್ಧ ಯಾರೂ ಕೇಳಬೇಕಾಗಿಯೇ ಇಲ್ಲದ ಪ್ರಶ್ನೆಗಳಿಗೆ ಉತ್ತರ.